ಅರ್ಧ ಸೆಕೆಂಡು ತಡವಾಗಿ

ಟಿಕೆಟ್ ಕೊಂಡವಳು ಮಗಳು. ನಾನು ಬೇಡವೆಂದಿದ್ದೆ. ಮುಂಬಯಿ ಬಳಿಯ ಡೊಂಬಿವಿಲಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ತನ್ನ ಮೊಬೈಲ್, ತಾಯಿಯ ಮೊಬೈಲ್ ಮೂರನ್ನೂ ಸಾಲಾಗಿ ಇಟ್ಟುಕೊಂಡು, ಟಿಕೆಟ್ ಮಾರುವ ಜಾಲತಾಣದಲ್ಲಿ ಸುತ್ತುತ್ತಲೇ ಇದ್ದ ಚಕ್ರವನ್ನು ನೋಡುತ್ತ ಅವಳು ಕುಳಿತಿದ್ದಳು. ಒಮ್ಮೆ ಹಣ ಕಡಿತವಾಯಿತು, ಟಿಕೆಟ್ ಬರಲಿಲ್ಲ. ಹೆಂಡತಿ ದೇವರಿಗೆ ಹೇಳಿಕೊಂಡಳು. ಎರಡನೆಯ ಸಲ ಟಿಕೆಟ್ ಬಂತು. ಮೊದಲ ಸಲದ ಹಣ ವಾಪಸಾಗಲು ಹನ್ನೊಂದು ದಿನ ಹಿಡಿಯಿತು, ಆ ಹನ್ನೊಂದು ದಿನವೂ ನಾನು ಅದನ್ನೇ ಆಡಿಕೊಂಡೆ.

"ಪಪ್ಪ, ಕ್ಯಾಸೆಟ್ ಸವೆಯುವ ತನಕ ಕೇಳಿದವರು ನೀವು. ಈಗ ಅವರೇ ನೆರೂಲ್‌ಗೆ ಬರುತ್ತಿದ್ದಾರೆ, ನೀವು ಬರುವುದಿಲ್ಲವೇ?" ಎಂದಳು.

ಬರುತ್ತಿದ್ದವರು ಐರ್ಲೆಂಡಿನ ರಾಕ್ ತಂಡ ಯೂಟು (U2). 1976ರಲ್ಲಿ ಡಬ್ಲಿನ್ನಿನ ಶಾಲೆಯೊಂದರಲ್ಲಿ ಡ್ರಮ್ ಬಾರಿಸುವ ಹುಡುಗನೊಬ್ಬ ಹಾಕಿದ ಚೀಟಿ ನೋಡಿ ಸೇರಿದ ತಂಡ, ನಾಲ್ಕೂ ಜನ ಇಂದಿಗೂ ಅವರೇ. 1987ರ 'ದಿ ಜೋಶುವಾ ಟ್ರೀ' ಆಲ್ಬಮ್ಮನ್ನು ಮೊದಲಿನಿಂದ ಕೊನೆಯ ತನಕ ನುಡಿಸುವ ಪ್ರವಾಸದ ಕಟ್ಟಕಡೆಯ ಕಾರ್ಯಕ್ರಮ 2019ರ ಡಿಸೆಂಬರ್ 15ರಂದು ನವಿ ಮುಂಬಯಿಯ ನೆರೂಲಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿತ್ತು. ಭಾರತದಲ್ಲಿ ಅವರು ನುಡಿಸಿದ್ದು ಅದೇ ಮೊದಲು.

ನಾನು ಬೇಡವೆಂದದ್ದಕ್ಕೆ ಜಿಪುಣತನ ಒಂದು ಕಾರಣ, ಕಸುಬು ಇನ್ನೊಂದು. ನಾನು ಮೈಕ್ ಸೆಟ್‌ನವನು. ಠಾಣೆ ನಗರದಿಂದ ಬದಲಾಪುರದ ತನಕ ಕನ್ನಡ ಸಂಘಗಳ ವಾರ್ಷಿಕೋತ್ಸವ, ಶನಿಪೂಜೆ, ಯಕ್ಷಗಾನ, ತಾಳಮದ್ದಳೆ, ನಡುನಡುವೆ ಮರಾಠಿಗರ ಹಳದಿ ಸಮಾರಂಭ, ಎಲ್ಲಕ್ಕೂ ಸ್ಪೀಕರ್ ಹೊತ್ತುಕೊಂಡು ಹೋಗುತ್ತೇನೆ. ಸಿಹಿತಿಂಡಿ ಅಂಗಡಿಯವನಿಗೆ ಲಾಡು ರುಚಿಸದ ಹಾಗೆ, ಎಲ್ಲೇ ಸಂಗೀತ ಕೇಳಿದರೂ ನನ್ನ ಕಿವಿಗೆ ಮೊದಲು ಬೀಳುವುದು ತಪ್ಪು: ಎಲ್ಲೋ ಸೀಟಿ ಹೊಡೆಯುತ್ತಿದೆ, ಯಾವನೋ ಬಾಸ್ ಹೆಚ್ಚಿಸಿದ್ದಾನೆ. ರಾಕ್ ಕಾರ್ಯಕ್ರಮಗಳಿಗೆ ಹೋಗಿಬಂದವರು "ದೇವರನ್ನು ಕಂಡ ಹಾಗಾಯಿತು" ಎನ್ನುವಾಗ ನನಗೆ ನಗು ಬರುತ್ತಿತ್ತು. ನೂರು ಹರ್ಟ್ಸ್‌ನ ಕೆಳಗಿನ ತಗ್ಗು ಸ್ಥಾಯಿಯ ಸದ್ದನ್ನು ಸಾಕಷ್ಟು ಜೋರಾಗಿ ಬಿಟ್ಟರೆ ಯಾರ ಎದೆಯಾದರೂ ಅದುರುತ್ತದೆ. ಅದಕ್ಕೆ ದೇವರು ಬೇಡ, ನಾಲ್ಕು ಸಬ್ ವೂಫರ್ ಸಾಕು.

ಆದರೆ ಮಗಳು ಹೇಳಿದ ಕ್ಯಾಸೆಟ್ಟಿನ ಮಾತು ನಿಜ.

1988ರ ಮೇ ತಿಂಗಳಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಕಾರ್ಕಳದ ಕಡೆಯ ಒಂದು ಹಳ್ಳಿಯಿಂದ ಸೋದರಮಾವನ ಹಿಂದೆ ಮುಂಬಯಿಗೆ ಬಂದೆ. ಮಾವ ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲಿದ್ದರು. ನಾನು ಹಗಲು ಮೇಜು ಒರೆಸುವುದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗುವುದು. ಹೋಟೆಲಿನಲ್ಲಿ ನನ್ನ ಹೆಸರು ಯಾರಿಗೂ ಬೇಕಿರಲಿಲ್ಲ. ಗಿರಾಕಿಗಳಿಗೆ ನಾನು ಬಾರ್ಕ್ಯಾ, ಅಂದರೆ ಚಿಕ್ಕವನು. ಊರಿನವರಿಗೆ ಮಾತ್ರ ಹೆಸರು ಬೇಕಿತ್ತು. ಹೆಸರಿನ ಹಿಂದೆಯೇ "ಯಾರ ಪೈಕಿ?" ಎಂಬ ಪ್ರಶ್ನೆ ಬರುತ್ತಿತ್ತು. ಉತ್ತರ ಸಿಕ್ಕಿದ ಮೇಲೆ ಅವರು ನನ್ನನ್ನು ಅಡುಗೆಮನೆಯ ಒಳಗೆ ಬಿಡಬೇಕೋ ಹೊರಗೇ ನಿಲ್ಲಿಸಬೇಕೋ ಎಂದು ತೀರ್ಮಾನಿಸುತ್ತಿದ್ದರು.

ದಿನವೂ ಚಹಾಕ್ಕೆ ಬರುತ್ತಿದ್ದ ಕಾಲೇಜು ಹುಡುಗನೊಬ್ಬ ಪರದೇಶಕ್ಕೆ ಹೋಗುವಾಗ ಮಾವನ ಬಾಕಿ ತೀರಿಸಲಾಗದೆ ಒಂದು ಚೀಲ ಕ್ಯಾಸೆಟ್ ಬಿಟ್ಟುಹೋದ. ಅದರಲ್ಲಿ 'ದಿ ಜೋಶುವಾ ಟ್ರೀ' ಇತ್ತು. ಹೋಟೆಲಿನ ಅಟ್ಟದ ಮೇಲೆ ಹನ್ನೆರಡು ಜನ ಮಲಗುತ್ತಿದ್ದೆವು. ದೀಪ ಆರಿದ ಮೇಲೆ ಮಾವ ಟೇಪ್ ರೆಕಾರ್ಡರನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಯಾರ ನಿದ್ದೆಯೂ ಕೆಡದಷ್ಟು ಸಣ್ಣಗೆ ಹಾಕುತ್ತಿದ್ದರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟಿದ್ದ ಅವರಿಗೂ ನನಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಬಾಯಿಪಾಠ ಮಾಡಿದೆವು. ಎಷ್ಟೋ ಕಡೆ ಶಬ್ದದ ಜಾಗದಲ್ಲಿ ನಮ್ಮದೇ ತುಳುವೋ ಕನ್ನಡವೋ ಬಂದು ಕುಳಿತಿತ್ತು.

ಒಂದು ಆಗಸ್ಟಿನಲ್ಲಿ ಮಾವ ನನ್ನನ್ನು ಧೋಬಿ ತಲಾವಿನ ರಂಗಭವನಕ್ಕೆ ಕರೆದುಕೊಂಡು ಹೋದರು. ಸೇಂಟ್ ಝೇವಿಯರ್ಸ್ ಕಾಲೇಜಿಗೆ ಅಂಟಿಕೊಂಡ ಬಯಲು ರಂಗಮಂದಿರ ಅದು. 1986ರಿಂದ ಅಲ್ಲಿ ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ಇಂಡಿಪೆಂಡೆನ್ಸ್ ರಾಕ್ ಎಂಬ ರಾಕ್ ಸಂಗೀತೋತ್ಸವ ನಡೆಯುತ್ತಿತ್ತು. ಒಳಗೆ ಹೋಗಲಿಲ್ಲ, ಟಿಕೆಟಿಗೆ ಹಣವಿರಲಿಲ್ಲ. ಹೊರಗಿನ ಗೋಡೆಗೆ ಬೆನ್ನು ಕೊಟ್ಟು ಕುಳಿತು, ಕಡಲೆಕಾಯಿ ತಿನ್ನುತ್ತ ಕೇಳಿದೆವು. ಗೋಡೆಯಾಚೆಗಿನ ಜನ ಒಟ್ಟಿಗೆ ಕಿರುಚಿದಾಗ ಮಾವನ ಕೈಯಲ್ಲಿದ್ದ ಕಡಲೆಕಾಯಿ ಹಾಗೇ ನಿಲ್ಲುತ್ತಿತ್ತು. ರಂಗಭವನ ಈಗ ಮೌನವಾಗಿದೆ. ಶಬ್ದಮಾಲಿನ್ಯದ 2000ದ ನಿಯಮಗಳ ಪ್ರಕಾರ ಆಸ್ಪತ್ರೆ, ಶಿಕ್ಷಣಸಂಸ್ಥೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಯಿತು. ಅಲ್ಲಿ ಸುತ್ತಲೂ ಇರುವುದೇ ಆಸ್ಪತ್ರೆ ಮತ್ತು ಕಾಲೇಜು. ಅದೇ ನಿಯಮದ ರಾತ್ರಿ ಹತ್ತು ಗಂಟೆಯ ಗಡುವು ನಮ್ಮ ಬಯಲಾಟವನ್ನೂ ಕಾಲಮಿತಿಗೆ ಇಳಿಸಿತು. ನಿಯಮ ತಪ್ಪೆಂದು ಹೇಳಲಾರೆ, ಸ್ಪೀಕರ್ ಬಾಡಿಗೆಗೆ ಕೊಡುವ ನಾನೇ ಪಕ್ಕದ ಕಟ್ಟಡದ ಸ್ಪೀಕರಿನ ಮೇಲೆ ದೂರು ಕೊಟ್ಟವನು.

ಭಾನುವಾರವಾದ್ದರಿಂದ ಹಳಿ ದುರಸ್ತಿಗೆಂದು ಗಾಡಿಗಳನ್ನು ನಿಲ್ಲಿಸುವ ಮೆಗಾ ಬ್ಲಾಕಿನ ಭಯವಿತ್ತು. ಮಧ್ಯಾಹ್ನವೇ ಹೊರಟೆವು. ಠಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿದಾಗ ಅರ್ಧ ಡಬ್ಬಿ ಕಪ್ಪು ಟಿ ಶರ್ಟಿನವರೇ. ನನ್ನದು ತಿಳಿನೀಲಿ ಬಣ್ಣದ, ಜೇಬಿರುವ ಅರ್ಧ ತೋಳಿನ ಅಂಗಿ. ಮಗಳಿಗೆ ನಾಚಿಕೆಯಾಗಿರಬೇಕು, ಹೇಳಲಿಲ್ಲ.

ನೆರೂಲ್‌ನಿಂದ ನಡೆದು ಹೋಗಿ ಸಾಲಿನಲ್ಲಿ ನಿಂತೆವು. ಆ ಸಾಲಿನ ಮೂರು ಗಂಟೆಗಳ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಆ ದಿನದ ಅರ್ಧ ಸಂಗತಿ ಅಲ್ಲೇ ನಡೆಯಿತು. ನಾನೂ ಮಗಳೂ ಕನ್ನಡದಲ್ಲಿ ಮಾತನಾಡುತ್ತಿದ್ದುದನ್ನು ಕೇಳಿ ಮುಂದಿದ್ದವರು ತಿರುಗಿದರು. ಹುಬ್ಬಳ್ಳಿಯವರು, ಪುಣೆಯ ಪಿಂಪ್ರಿಯಲ್ಲಿ ಕಾರ್ಖಾನೆಯೊಂದರಲ್ಲಿ ಕೆಲಸ, ಐವತ್ತು ದಾಟಿದ ವಯಸ್ಸು. ಅವರು ಇಂಥ ಕಾರ್ಯಕ್ರಮಗಳನ್ನು ತೀರ್ಥಯಾತ್ರೆಯ ಹಾಗೆ ಮಾಡಿದ್ದರು. 2003ರಲ್ಲಿ ಬೆಂಗಳೂರು ಅರಮನೆ ಮೈದಾನದಲ್ಲಿ ಮಳೆಯಲ್ಲಿ ನೆನೆಯುತ್ತ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಅಲ್ಲೇ ಐರನ್ ಮೇಡನ್, ಅದೇ ವರ್ಷ ಬಾಂದ್ರಾ ಕುರ್ಲಾ ಸಂಕೀರ್ಣದ ಮೈದಾನದಲ್ಲಿ ರಾಜರ್ ವಾಟರ್ಸ್.

"ಯಾವುದರಲ್ಲಿ ದೇವರು ಕಂಡ?" ಎಂದು ನಾನು ತಮಾಷೆಗೆ ಕೇಳಿದೆ.

ಅವರು ತಮಾಷೆ ಮಾಡಲಿಲ್ಲ. 2002ರಲ್ಲಿ ಅರಮನೆ ಮೈದಾನದಲ್ಲಿ ರಾಜರ್ ವಾಟರ್ಸ್ ಮೊದಲ ಸಲ ಬಂದಾಗಿನ ಮಾತು ಹೇಳಿದರು. ಒಂದೇ ಕೋಣೆಯಲ್ಲಿದ್ದ ಗೆಳೆಯನ ಜತೆ ಹೋಗಿದ್ದರಂತೆ. ಬಾಡಿಗೆ ಹಣದ ಜಗಳದಿಂದ ಇಬ್ಬರಿಗೂ ಮಾತು ಬಿಟ್ಟಿತ್ತು. ಟಿಕೆಟ್ ಮೊದಲೇ ಕೊಂಡಿದ್ದರಿಂದ ಹೋಗಲೇಬೇಕಾಯಿತು. "ಮುಗಿದ ಮೇಲೆ ಮೆಜೆಸ್ಟಿಕ್ ತನಕ ನಡೆದೆವು. ದಾರಿಯಲ್ಲೂ ಮಾತಿಲ್ಲ. ಆದರೆ ಅದು ಮೊದಲಿನ ಮಾತಿಲ್ಲದಿರುವಿಕೆ ಅಲ್ಲ. ಬಸ್ ನಿಲ್ದಾಣದಲ್ಲಿ ಅವನು ಒಂದು ಚಹಾ ಹೇಳಿ ಎರಡು ಲೋಟಕ್ಕೆ ಹಂಚಿದ," ಎಂದರು. ಅಷ್ಟೇ. ಬಾಡಿಗೆ ಹಣ ಯಾರು ಕೊಟ್ಟರೆಂದು ಕೇಳಬೇಕೆನಿಸಿತು, ಕೇಳಲಿಲ್ಲ.

ನಮ್ಮ ಹಿಂದಿದ್ದ ಗುವಾಹಾಟಿಯ ದಂಪತಿ ತಮ್ಮ ಮದುವೆಗೆ ಈ ಆಲ್ಬಮ್ಮೇ ಕಾರಣವೆಂದರು. ಗೋವೆಯ ಮುದುಕರೊಬ್ಬರು ಇಗರ್ಜಿಯ ಗಾಯನ ತಂಡದವರು, ರಾಕ್ ಎಲ್ಲ ಕೊನೆಗೆ ಪ್ರಾರ್ಥನೆಯೇ ಎಂದು ಹೇಳಿ ನನ್ನ ಭುಜ ತಟ್ಟಿದರು. ಇಂಥ ಮಾತುಗಳಿಗೆ ಹೂಂಗುಟ್ಟಬಹುದೇ ಹೊರತು ವಾದ ಮಾಡಬಾರದು. ಗಮನಿಸಿದ್ದು ಒಂದೇ: ಮೂರು ಗಂಟೆಯಲ್ಲಿ ಒಬ್ಬರೂ ಇನ್ನೊಬ್ಬರ ಹೆಸರು ಕೇಳಲಿಲ್ಲ. ಹುಬ್ಬಳ್ಳಿಯವರ ಹೆಸರು ನನಗೆ ಇಂದಿಗೂ ಗೊತ್ತಿಲ್ಲ.

ಒಳಗೆ ಹೋದ ಕೂಡಲೇ ನಾನು ಮಾಡಿದ್ದು ವೇದಿಕೆ ನೋಡುವುದಲ್ಲ, ಸ್ಪೀಕರ್ ಎಣಿಸುವುದು. ವೇದಿಕೆಯ ಇಕ್ಕೆಲಗಳಲ್ಲಿ ಬಾಳೆಗೊನೆಯ ಹಾಗೆ ಬಾಗಿ ತೂಗುವ, ಲೈನ್ ಅರೇ ಎಂಬ ಸ್ಪೀಕರ್ ಸಾಲುಗಳು. ಸಾಮಾನ್ಯ ಪೆಟ್ಟಿಗೆಯಿಂದ ದೂರ ಎರಡರಷ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಇಂಥ ಗೊನೆಯಿಂದ ಒಂದಷ್ಟು ದೂರದ ತನಕ 3 ಮಾತ್ರ ಇಳಿಯುತ್ತದೆ, ಹಾಗಾಗಿ ಮುಂದಿದ್ದವನ ಕಿವಿ ಒಡೆಯದೆ ಹಿಂದಿದ್ದವನಿಗೂ ಕೇಳುತ್ತದೆ. ಇಷ್ಟು ದೊಡ್ಡ ಬಯಲಿನಲ್ಲಿ ಅದೂ ಸಾಲದು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಓಡುತ್ತದೆ. ವೇದಿಕೆಯಿಂದ 100 ಮೀಟರ್ ಆಚೆ ನಿಂತವನಿಗೆ ಡ್ರಮ್ಮಿನ ಏಟು ಕಾಣಿಸಿದ ಮೇಲೆ ಸೆಕೆಂಡಿನ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಕಳೆದು ಕೇಳಿಸುತ್ತದೆ. ಅವನಿಗೆ ಚೆನ್ನಾಗಿ ಕೇಳಲಿ ಎಂದು ನಡುವೆ ಇನ್ನೊಂದು ಗೋಪುರದಲ್ಲಿ ಸ್ಪೀಕರ್ ಇಟ್ಟರೆ, ಅದರ ಸದ್ದು ಮೊದಲು ಬಂದು, ವೇದಿಕೆಯದು ಆಮೇಲೆ ಬಂದು, ಎಲ್ಲವೂ ಕಲಸಿಹೋಗುತ್ತದೆ. ಆದ್ದರಿಂದ ಗೋಪುರದ ಸ್ಪೀಕರನ್ನು ಬೇಕೆಂದೇ ತಡಮಾಡಿಸಬೇಕು. ವೇದಿಕೆಯ ಸದ್ದು ಗಾಳಿಯಲ್ಲಿ ನಡೆದುಕೊಂಡು ಬರುವ ತನಕ ಕಾದು, ಮೇಲೆ ಇನ್ನೊಂದು ಹತ್ತು ಹದಿನೈದು ಮಿಲಿಸೆಕೆಂಡ್ ಕಾದು ಅದು ಬಾಯಿ ತೆರೆಯಬೇಕು. ಆಗ ಕಿವಿ ಮೊದಲು ಬಂದದ್ದನ್ನೇ ನಂಬಿ, ಎಲ್ಲವೂ ವೇದಿಕೆಯಿಂದಲೇ ಬಂತು ಎಂದುಕೊಳ್ಳುತ್ತದೆ. ಮನೆಯ ಹಿರಿಯರು ಮಾತು ಮುಗಿಸಿದ ಮೇಲೆ ಸೊಸೆ ಮಾತನಾಡುತ್ತಿದ್ದ ಕಾಲದ ಶಿಸ್ತು ಇದು.

ಇದನ್ನೆಲ್ಲ ಮಗಳಿಗೆ ವಿವರಿಸುತ್ತಿದ್ದೆ. "ಪಪ್ಪ, ಸೂರ್ಯಾಸ್ತ ನೋಡಿ," ಎಂದಳು.

ಸೂರ್ಯ ಮುಳುಗಿದ ಮೇಲೆ ಸದ್ದಿಗೆ ಇನ್ನೊಂದು ಗುಣ ಬರುತ್ತದೆ. ನೆಲದ ಹತ್ತಿರದ ಗಾಳಿ ಮೊದಲು ತಣಿಯುತ್ತದೆ, ಮೇಲಿನದು ಬೆಚ್ಚಗಿರುತ್ತದೆ, ಮೇಲೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲಕ್ಕೆ ಇಳಿಯುತ್ತದೆ. ಊರಿನಲ್ಲಿ ಯಕ್ಷಗಾನದ ಆಟದ ದಿನ ಮುಸ್ಸಂಜೆಗೆ ಕೇಳಿ, ಅಂದರೆ ಆಟವಿದೆಯೆಂದು ಸಾರುವ ಚೆಂಡೆ, ಬಡಿದರೆ ಎರಡು ಗುಡ್ಡದಾಚೆಗೆ ಚೆಂಡೆ ಕೇಳುತ್ತಿದ್ದುದು ಇದೇ ಕಾರಣಕ್ಕೆ. ಉರಿಯುವ ಸೂಡಿ ಹಿಡಿದು ಗದ್ದೆಯ ಬದುವಿನಲ್ಲಿ ನಡೆಯುವಾಗ ಆ ಸದ್ದು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಬಂದ ಹಾಗೆ ಆಗುತ್ತಿತ್ತು. ಮೇಳ ಎಲ್ಲಿದೆಯೋ ಗೊತ್ತಿಲ್ಲ, ಆದರೂ ಕಾಲು ಸರಿಯಾಗಿಯೇ ಹೋಗುತ್ತಿತ್ತು.

ಕತ್ತಲಾಯಿತು. ಡ್ರಮ್ಮಿನವನು ಮುಂದೆ ಚಾಚಿದ್ದ ಪುಟ್ಟ ವೇದಿಕೆಗೆ ನಡೆದು ಬಂದ. ಮೊದಲ ಹಾಡು 'ಸಂಡೆ ಬ್ಲಡಿ ಸಂಡೆ'. ಉತ್ತರ ಐರ್ಲೆಂಡಿನ ಡೆರಿಯಲ್ಲಿ 1972ರ ಜನವರಿ 30ರಂದು ಮೆರವಣಿಗೆಯ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿ ಹದಿಮೂರು ಜನ ಸತ್ತ ಭಾನುವಾರದ ನೆನಪಿದೆ ಅದರಲ್ಲಿ. ನಮ್ಮ ಸುತ್ತ ಎಲ್ಲರೂ ಕುಣಿದರು. ನನಗೆ ಸ್ನೇರ್ ಡ್ರಮ್ ತುಸು ಗಡಸಾಗಿದೆ ಅನ್ನಿಸಿತು.

ಆಮೇಲೆ ಹಿಂದಿನ ಪರದೆ ಇಡಿಯಾಗಿ ಕೆಂಪಾಯಿತು. ಸುಮಾರು 200 ಅಡಿ ಅಗಲ, 45 ಅಡಿ ಎತ್ತರದ ಪರದೆ. ಅದರ ಮುಂದೆ ನಾಲ್ಕು ಕಪ್ಪು ಆಕೃತಿಗಳು, ಮೇಲೆ ಆಲ್ಬಮ್ಮಿಗೆ ಹೆಸರು ಕೊಟ್ಟ ಮರುಭೂಮಿಯ ಆ ಮರ. ಆರ್ಗನ್ನಿನ ಸದ್ದು ಮಂಜು ಏರಿದ ಹಾಗೆ ಏರಿ, ಅದರೊಳಗಿಂದ ಗಿಟಾರ್ ಬಂತು. ಎಡ್ಜ್ ಎಂದು ಕರೆಸಿಕೊಳ್ಳುವ ಅವನ ಗಿಟಾರಿನ ಗುಟ್ಟು ಇರುವುದೂ ತಡದಲ್ಲಿಯೇ. ಅವನು ಒಂದು ಸ್ವರ ಮೀಟಿದರೆ ಯಂತ್ರ ಅದನ್ನು ಮುಕ್ಕಾಲು ಎಣಿಕೆ ಕಳೆದ ಮೇಲೆ, ನೇರ ಎಣಿಕೆಗೆ ಬೀಳದ ಹಾಗೆ ಮತ್ತೆ ಹೇಳುತ್ತದೆ. ಒಬ್ಬನೇ ಮೂವರ ಕೆಲಸ ಮಾಡುತ್ತಾನೆ, ಬೆರಳು ಅವಸರಪಡುವುದಿಲ್ಲ. 'ವೇರ್ ದ ಸ್ಟ್ರೀಟ್ಸ್ ಹ್ಯಾವ್ ನೋ ನೇಮ್' ಮೂರರ ಎಣಿಕೆಯಲ್ಲಿ ಆರಂಭವಾಗಿ ನಾಲ್ಕಕ್ಕೆ ಹೊರಳುತ್ತದೆ. ಭಾಗವತರು ತಾಳ ಬದಲಿಸಿದಾಗ ವೇಷಧಾರಿಯ ಕಾಲು ತಾನಾಗಿ ಬದಲಾಗುವ ಹಾಗೆ ಸಾವಿರಾರು ಜನ ಒಂದೇ ಗಳಿಗೆಯಲ್ಲಿ ಹಾರಿದರು. ಸ್ಟುಡಿಯೋದಲ್ಲಿ ಈ ಹಾಡು ಎಷ್ಟು ಕಾಡಿತ್ತೆಂದರೆ, ನಿರ್ಮಾಪಕ ಬ್ರಯಾನ್ ಈನೋ ಬೇಸತ್ತು ಟೇಪನ್ನೇ ಅಳಿಸಿಹಾಕಲು ಹೊರಟಿದ್ದನಂತೆ.

ಹೆಸರಿಲ್ಲದ ಬೀದಿಗಳ ಹಾಡು ಅದು. ಬೆಲ್‌ಫಾಸ್ಟಿನಲ್ಲಿ ಮನೆ ಯಾವ ಬೀದಿಯಲ್ಲಿದೆ ಎಂದು ಹೇಳಿದರೆ ಸಾಕು, ನಿನ್ನ ಧರ್ಮ ಯಾವುದು, ಸಂಬಳ ಎಷ್ಟು ಎಂಬುದು ಕೇಳಿದವರಿಗೆ ಗೊತ್ತಾಗುತ್ತದೆ ಎಂದು ಗಾಯಕ ಬೋನೊ ಹಿಂದೆ ವಿವರಿಸಿದ್ದುಂಟು. ನಮಗೆ ಬೀದಿಯ ತನಕ ಹೋಗಬೇಕಾಗಿಲ್ಲ, ಹೆಸರೇ ಸಾಕು. ಅಟ್ಟದ ಮೇಲೆ ಮಲಗಿ ಕೇಳುವಾಗ ನನಗೆ ಈ ಅರ್ಥ ಗೊತ್ತಿರಲಿಲ್ಲ. ಆದರೂ ಬಾರ್ಕ್ಯಾ ಎಂದು ಕರೆಸಿಕೊಳ್ಳುವುದಕ್ಕಿಂತ "ಯಾರ ಪೈಕಿ" ಎಂದು ಕೇಳಿಸಿಕೊಳ್ಳುವುದೇ ಯಾಕೆ ಹೆಚ್ಚು ನೋಯುತ್ತದೆ ಎಂಬುದು ಆಗಲೂ ಗೊತ್ತಿತ್ತು.

ಇಷ್ಟಾದರೂ, ನಿಜ ಹೇಳಬೇಕೆಂದರೆ, ಆ ಹಾಡಿಗೆ ನನಗೆ ಏನೂ ಆಗಲಿಲ್ಲ. ಮೂವತ್ತು ವರ್ಷ ಕಾದ ಹಾಡು. ಮಗಳು ಅಳುತ್ತಿದ್ದಳು, ಹುಬ್ಬಳ್ಳಿಯವರು ಎರಡೂ ಕೈ ಮೇಲೆತ್ತಿ ಕಣ್ಣು ಮುಚ್ಚಿದ್ದರು. ನಾನು ಮಾತ್ರ ಎಡಗಡೆಯ ಗೋಪುರಕ್ಕೂ ಬಲಗಡೆಯದಕ್ಕೂ ಸಣ್ಣ ವ್ಯತ್ಯಾಸವಿದೆಯಲ್ಲ ಎಂದು ಕಿವಿ ನಿಮಿರಿಸಿ ನಿಂತಿದ್ದೆ. ಮದುವೆಮನೆಯಲ್ಲಿ ಅಡುಗೆಭಟ್ಟನಿಗೆ ಊಟ ಸೇರದು. ಬೇಸರವಾಯಿತು, ನನ್ನ ಮೇಲೇ.

ಮುಂದಿನದು 'ಐ ಸ್ಟಿಲ್ ಹ್ಯಾವಂಟ್ ಫೌಂಡ್ ವಾಟ್ ಐ ಆಮ್ ಲುಕಿಂಗ್ ಫಾರ್'. ಅಮೆರಿಕದ ಕಪ್ಪು ಜನರ ಇಗರ್ಜಿಗಳ ಗಾಸ್ಪೆಲ್ ಧಾಟಿಯದು. ನಂಬಿದ್ದೇನೆ, ಆದರೆ ಹುಡುಕಿದ್ದು ಇನ್ನೂ ಸಿಕ್ಕಿಲ್ಲ ಎಂದು ದೇವರ ಎದುರೇ ಒಪ್ಪಿಕೊಳ್ಳುವ ಭಜನೆ. ಹೀಗೆ ಜಗಳ ತೆಗೆಯುವುದು ನಮಗೆ ಹೊಸತಲ್ಲ, ದಾಸರ ನಿಂದಾಸ್ತುತಿಗಳಲ್ಲಿ ದೇವರಿಗೆ ಬಿದ್ದ ಬೈಗುಳ ಬೇರೆ ಯಾರಿಗೂ ಬಿದ್ದಿರಲಾರದು. ಮಾವನಿಗೆ ಈ ಹಾಡೆಂದರೆ ಪ್ರಾಣ. ಊರಿಗೆ ಹೋಗಿ ನೆಲೆಸಿ ಹದಿನಾಲ್ಕು ವರ್ಷವಾಗಿತ್ತು, ಕಿವಿ ಮಂದವಾಗಿತ್ತು. ಅವರಿಗೆ ಕೇಳಿಸೋಣವೆಂದು ಮೊಬೈಲ್ ತೆಗೆದೆ. ಅಷ್ಟು ಜನ ಒಂದೇ ಕಡೆ ಇದ್ದಾಗ ಜಾಲ ಸಿಗುವುದು ಕಷ್ಟ. ಮೂರನೆಯ ಸಲ ಕರೆ ಹೋಯಿತು. "ಮಾವ, ಕೇಳಿ," ಎಂದು ಕೂಗಿ ಫೋನನ್ನು ಎದೆಯ ಹತ್ತಿರ ಹಿಡಿದುಕೊಂಡೆ.

ಹಾಡಿನ ನಡುವೆ ಬೋನೊ ಹಾಡುವುದನ್ನು ನಿಲ್ಲಿಸಿದ. ವಾದ್ಯಗಳೂ ತಗ್ಗಿದವು. ಜನ ಹಾಡಿದರು.

ಇಲ್ಲಿ ನಡೆದದ್ದನ್ನು ನನ್ನ ಕಸುಬಿನ ಲೆಕ್ಕದಲ್ಲೇ ಹೇಳುತ್ತೇನೆ, ಬೇರೆ ಭಾಷೆ ನನಗೆ ಬಾರದು. ನಾವು ನಿಂತದ್ದು ವೇದಿಕೆಯಿಂದ ಸುಮಾರು 70 ಮೀಟರ್ ದೂರ. ನಮ್ಮ ಹಿಂದಿನ ಗ್ಯಾಲರಿ ಇನ್ನೊಂದು 80 ಮೀಟರ್ ಆಚೆ. ವೇದಿಕೆಯ ಸದ್ದು ಗ್ಯಾಲರಿಗೆ ಮುಟ್ಟುವಾಗಲೇ ತಡ. ಅವರು ಹಾಡಿದ್ದು ತಿರುಗಿ ನನ್ನ ಬೆನ್ನಿಗೆ ಬರುವಾಗ ಇನ್ನಷ್ಟು ತಡ. ಕೂಡಿದರೆ ನನ್ನ ಪಕ್ಕದವರಿಗಿಂತ ಹೆಚ್ಚುಕಡಿಮೆ ಅರ್ಧ ಸೆಕೆಂಡು ಹಿಂದೆ. ಸ್ಪೀಕರ್ ಜೋರಾಗಿದ್ದಷ್ಟು ಹೊತ್ತು ಅದು ಮುಚ್ಚಿಹೋಗಿತ್ತು. ಸ್ಪೀಕರ್ ತಗ್ಗಿದ ಕೂಡಲೇ ಹಾಡು ಮುಂದಿನಿಂದ ಬಂತು, ಬದಿಯಿಂದ ಬಂತು, ಕೊನೆಗೆ ಬೆನ್ನ ಹಿಂದಿನ ಕತ್ತಲಿನಿಂದ, ಎಲ್ಲರೂ ಹಾಡಿ ಮುಗಿಸಿದ ಪದವನ್ನು ಈಗಷ್ಟೇ ನೆನಪಿಸಿಕೊಂಡ ಹಾಗೆ, ನಿಧಾನವಾಗಿ ಬಂತು. ಎಲ್ಲರೂ ಒಂದಾದರು ಎನ್ನುತ್ತಾರಲ್ಲ, ಒಂದಾಗಲಿಲ್ಲ. ಯಾರೂ ಯಾರ ಜತೆಗೂ ಸೇರಿ ಹಾಡುತ್ತಿರಲಿಲ್ಲ. ಹಿಂದಿದ್ದವರು ಹಿಂದೆಯೇ ಇದ್ದರು. ಇಷ್ಟು ವರ್ಷ ನಾನು ಸ್ಪೀಕರ್ ಹೊಂದಿಸಿ ಅಳಿಸಲು ಹೆಣಗಿದ ಆ ತಡವೇ ಅಲ್ಲಿ ಒಂದು ಊರಿನಷ್ಟು ದೊಡ್ಡದಾಗಿ ನಿಂತಿತ್ತು. ನಾನು ಎಡಕ್ಕೆ ತಿರುಗಿದೆ, ಬಲಕ್ಕೆ ತಿರುಗಿದೆ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗಲಿಲ್ಲ. ಗದ್ದೆಯ ಬದು ನೆನಪಾಯಿತು.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಫೋನ್ ಎದೆಯ ಹತ್ತಿರವೇ ಇತ್ತು. ಮಗಳು ನನ್ನ ತೋಳು ಹಿಡಿದು ಏನೋ ಕೇಳಿದ್ದಳಂತೆ, ನಾನು ಉತ್ತರ ಕೊಡಲಿಲ್ಲವಂತೆ. ಸುಮ್ಮನೆ ನಿಂತು ಕೇಳುತ್ತಿದ್ದೆ ಎಂದೇ ನನ್ನ ಭಾವನೆ.

ಮುಂದಿನ ಹಾಡುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 'ಒನ್ ಟ್ರೀ ಹಿಲ್' ಅವರ ಜತೆ ಕೆಲಸ ಮಾಡುತ್ತಿದ್ದ, 1986ರಲ್ಲಿ ಡಬ್ಲಿನ್ನಿನಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ ನ್ಯೂಜಿಲೆಂಡಿನ ಮಾವೋರಿ ಹುಡುಗ ಗ್ರೆಗ್ ಕ್ಯಾರೊಲ್‌ನ ನೆನಪಿನದು. ಸಾಮಾನು ಹೊರುವವನಿಗಾಗಿ ಹಾಡು ಕಟ್ಟಿದ್ದಾರೆ ಎಂಬುದೇ ನನ್ನಂಥವನಿಗೆ ದೊಡ್ಡದು. ಎ.ಆರ್. ರೆಹಮಾನ್ ತಮ್ಮ ಹೆಣ್ಣುಮಕ್ಕಳ ಜತೆ ಬಂದು ತಿರುಕ್ಕುರಳ್‌ನ ಸಾಲುಗಳಿರುವ 'ಅಹಿಂಸಾ' ಹಾಡಿದರು. ಚೆನ್ನಾಗಿತ್ತು, ಸ್ವಲ್ಪ ಸಭೆಯ ಗೌರವ ಹೆಚ್ಚಾಯಿತೇನೋ.

ಇನ್ನೊಂದು ಗಳಿಗೆ ಮಾತ್ರ ಬಿಡಲಾಗದು. ಹೆಣ್ಣುಮಕ್ಕಳ ಗೌರವಕ್ಕೆಂದು ಒಂದು ಹಾಡಿನಲ್ಲಿ ಪರದೆಯ ಮೇಲೆ ಚಿತ್ರಗಳು ಬರುತ್ತಿದ್ದವು, ಭಾರತದವರ ಮುಖಗಳೂ ಇದ್ದವು. ಅವುಗಳ ನಡುವೆ ಗೌರಿ ಲಂಕೇಶ್. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ಮನೆಬಾಗಿಲಲ್ಲಿ ಗುಂಡಿಗೆ ಬಲಿಯಾದ, ಕನ್ನಡದಲ್ಲಿ ವಾರಪತ್ರಿಕೆ ನಡೆಸುತ್ತಿದ್ದ ಹೆಣ್ಣುಮಗಳು. ಆಳೆತ್ತರವನ್ನೂ ಮೀರಿದ ಆ ಮುಖ ನೋಡಿ ಹುಬ್ಬಳ್ಳಿಯವರೂ ನಾನೂ ಒಟ್ಟಿಗೆ "ನಮ್ಮವರು" ಎಂದೆವು. ಹಿಂದಿದ್ದ ಹುಡುಗಿ ಯಾರೆಂದು ಹಿಂದಿಯಲ್ಲಿ ಕೇಳಿದಳು. ನಾವು ಹೇಳುವಷ್ಟರಲ್ಲಿ ಮುಂದಿನ ಚಿತ್ರ ಬಂದಿತ್ತು. ಆ ಸಂಜೆ ನಮ್ಮಲ್ಲಿ ಯಾರಾದರೂ ಕೇಳಿದ ಒಂದೇ ಒಂದು ಹೆಸರು ಅದು.

ಹೊರಬರುವುದೇ ಒಂದು ಗಂಟೆ. ನೆರೂಲ್ ಪ್ಲಾಟ್‌ಫಾರ್ಮಿನಲ್ಲಿ ಕಿವಿಯಲ್ಲಿ ಇನ್ನೂ ಗುಂಯ್‌ಗುಟ್ಟುತ್ತಿದ್ದ ಜನ ಬೇಕಾದ್ದಕ್ಕಿಂತ ಜೋರಾಗಿ ಮಾತನಾಡುತ್ತಿದ್ದರು. ಹುಬ್ಬಳ್ಳಿಯವರು ಪುಣೆಯ ಬಸ್ ಹಿಡಿಯಲು ವಾಶಿಯ ಕಡೆ ಹೊರಟರು. ಕೈ ಎತ್ತಿದರು, ನಾನೂ ಎತ್ತಿದೆ. ಮಗಳು ಗಾಡಿಯಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆಹೋದಳು. ಏಳೆಂಟು ವರ್ಷದಿಂದ ಹಾಗೆ ಮಲಗಿರಲಿಲ್ಲ.

ಮರುದಿನ ಬೆಳಿಗ್ಗೆ ಮಾವನಿಗೆ ಫೋನ್ ಮಾಡಿದೆ.

"ಕೇಳಿಸಿತೇ ಮಾವ?"

"ಹಾಡು ಎಲ್ಲಿ ಕೇಳಿಸುತ್ತದೆ? ಬರೀ ಗೊರಗೊರ. ಆದರೆ ಯಾರೋ ಒಬ್ಬ ಬಹಳ ಕೆಟ್ಟದಾಗಿ ಹಾಡುತ್ತಿದ್ದ."

ನನಗೆ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಮೊಬೈಲ್ ಫೋನು ಹಿನ್ನೆಲೆಯ ಸದ್ದನ್ನು ಗದ್ದಲವೆಂದು ತಿಳಿದು ಅಳಿಸುತ್ತದೆ, ಹತ್ತಿರದ ಬಾಯಿಯನ್ನು ಮಾತ್ರ ಉಳಿಸುತ್ತದೆ. ಆ ಬಾಯಿ ನನ್ನದು.

"ನಾನು ಹಾಡಲಿಲ್ಲ ಮಾವ, ಸುಮ್ಮನೆ ನಿಂತಿದ್ದೆ."

"ನೀನಲ್ಲದೆ ಇನ್ನಾರು? ಎರಡನೆಯ ಸಾಲಿನಲ್ಲಿ ನಾನು ಕಲಿಸಿದ ತಪ್ಪನ್ನೇ ಹಾಡಿದ್ದೀಯಲ್ಲ. ಆ ತಪ್ಪು ಲೋಕದಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವುದು."

ಮಗಳನ್ನು ಕೇಳಿದೆ. "ಹಾಡುತ್ತಿದ್ದಿರಿ, ಕೂಗಿ ಕೂಗಿ. ಅದಕ್ಕೇ ತೋಳು ಹಿಡಿದದ್ದು," ಎಂದಳು. ಸದ್ದಿನ ಬಗ್ಗೆ ಇಷ್ಟು ಲೆಕ್ಕ ಹೇಳುವ ನಾನು ನನ್ನ ಗಂಟಲಿನ ಸದ್ದನ್ನೇ ಕೇಳಿಸಿಕೊಂಡಿರಲಿಲ್ಲ. ಎಷ್ಟು ಹೊತ್ತು ಹಾಡಿದೆನೋ, ಆ ಹೊತ್ತು ಎಲ್ಲಿದ್ದೆನೋ. ಇದಕ್ಕೆ ಡೆಸಿಬಲ್ಲಿನಲ್ಲಿ ಉತ್ತರ ಹುಡುಕಿದೆ. ಗದ್ದಲದಲ್ಲಿ ಮನುಷ್ಯ ತಾನಾಗಿ ದನಿ ಏರಿಸುತ್ತಾನೆ, ಅದು ಸಿಕ್ಕಿತು. ಏರಿಸಿದ್ದು ತನಗೇ ಗೊತ್ತಿಲ್ಲದಿರುವುದಕ್ಕೆ ಸಿಗಲಿಲ್ಲ.

ಆ ವಾರ ಶನಿವಾರ ನಮ್ಮ ಕಡೆಯ ಭಜನಾ ಮಂಡಳಿಯ ಮಂಗಲೋತ್ಸವ. ಉದ್ದನೆಯ ಸಭಾಭವನ, ಹಿಂದಿನ ಸಾಲಿನ ಅಜ್ಜಿಯಂದಿರಿಗೆ ಏನೂ ಕೇಳುವುದಿಲ್ಲವೆಂಬುದು ಪ್ರತಿವರ್ಷದ ದೂರು. ಈ ಸಲ 12 ಮೀಟರ್ ದೂರದಲ್ಲಿ ಎರಡು ಪೆಟ್ಟಿಗೆ ಹೆಚ್ಚಿಗೆ ಇಟ್ಟು, ದೂರಕ್ಕೆ 35 ಮಿಲಿಸೆಕೆಂಡ್, ಮೇಲೆ ಹನ್ನೆರಡು ಸೇರಿಸಿ ತಡ ಕೊಟ್ಟೆ. ಕೆಲಸ ಚೆನ್ನಾಗಿಯೇ ಆಯಿತು. ರಾತ್ರಿ ಕೊನೆಯ ಮಂಗಳಾರತಿಯ ಪದಕ್ಕೆ ಎಲ್ಲರೂ ಎದ್ದು ನಿಂತು ತಾಳ ಹಿಡಿದಾಗ, ಮಿಕ್ಸರಿನ ಮೇಲಿದ್ದ ನನ್ನ ಕೈ ಸದ್ದು ಏರಿಳಿಸುವ ಮುಖ್ಯ ಫೇಡರನ್ನು ಮೆಲ್ಲಗೆ ಕೆಳಗೆ ಎಳೆಯಿತು. ಪೂರ್ತಿ ಕೆಳಗೆ.

ಕಾರ್ಯದರ್ಶಿಯವರು ಕಾಲಿಗೆ ವಯರ್ ಸಿಕ್ಕಿಸಿಕೊಂಡು ಓಡಿ ಬಂದರು.

"ಏನು ಮಾರಾಯರೇ, ಮೈಕ್ ಕೈಕೊಟ್ಟಿತೇ?"

"ಇಲ್ಲ, ಸರಿಯಾಗಿದೆ," ಎಂದೆ. ಹಿಂದಿನ ಸಾಲಿನ ಅಜ್ಜಿಯಂದಿರು ಆಗ ಎರಡನೆಯ ಚರಣದಲ್ಲಿದ್ದರು, ಮುಂದಿನವರು ಮೂರನೆಯದಕ್ಕೆ ಹೋಗಿ ಆಗಿತ್ತು.